ಡಯಲಿನ ಮೇಲೆ ನಾನು ಬರೆದ ಒಂದು ಪದ

ಆ ಬೆಳಿಗ್ಗೆಯೂ ಉಳಿದ ಬೆಳಿಗ್ಗೆಗಳ ಹಾಗೆಯೇ ಶುರುವಾಯಿತು. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಾಲು ಕಾಯಿಸಿ, ಉಪ್ಪಿಟ್ಟು ಕೆದಕಿ, ಯಜಮಾನರ ಡಬ್ಬಿ ಕಟ್ಟಿದೆ. ಅವರು ಗುಂಡ್ಲುಪೇಟೆಯ ಕರೆಂಟ್ ಆಫೀಸಿನಲ್ಲಿದ್ದರು. ಎಂಟೂವರೆಗೆ ಸೈಕಲ್ ಹೊರಟಿತು. ಆಮೇಲೆ ಊಟದ ಮೇಜನ್ನು ಒಮ್ಮೆ ಒದ್ದೆ ಬಟ್ಟೆಯಲ್ಲಿ, ಇನ್ನೊಮ್ಮೆ ಹಳೆಯ ಪಂಚೆಯ ತುಂಡಿನಲ್ಲಿ ಒರೆಸಿ, ಬೀದಿ ಕಡೆಯ ಕಿಟಕಿ ಮುಚ್ಚಿ, ಬಿಳಿ ದಿಂಬಿನ ಗೌಸನ್ನು ಹಾಸಿದೆ. ಬಳೆಗಳನ್ನು ಮೊಣಕೈವರೆಗೆ ಸರಿಸಿ ರಬ್ಬರ್ ಬ್ಯಾಂಡ್ ಹಾಕಿಕೊಂಡೆ. ಬಳೆ ಮೇಜಿಗೆ ತಾಗಿದರೆ ಸಾಕು, ಸಾಸಿವೆಯ ಕಾಲು ಭಾಗದಷ್ಟಿರುವ ಸ್ಕ್ರೂ ಎಲ್ಲಿಗೆ ಹಾರುತ್ತದೋ ದೇವರಿಗೇ ಗೊತ್ತು.

ಹೀಗೆ ಸಿದ್ಧವಾಗಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಳ್ಳುವ ಹೊತ್ತಿಗೆ ಗೇಟಿನ ಸದ್ದಾಯಿತು.

“ಅವ್ವಾ, ಇದ್ದೀರಾ?”

ಹರವೆಯ ಗುರುಮಲ್ಲಪ್ಪ. ಪಂಪ್‌ಸೆಟ್ಟಿನ ಕನೆಕ್ಷನ್ನಿಗೆ ಓಡಾಡುವಾಗ ಯಜಮಾನರಿಗೆ ಪರಿಚಯವಾದವರು. ಅವರ ಹಿಂದೆ ಮಗಳು ರಾಜಮ್ಮಣ್ಣಿ. ಮೂರೂವರೆ ತಿಂಗಳ ಹಿಂದೆ ಮದುವೆಯಾದ ಹುಡುಗಿ; ಕಾಲುಂಗುರಗಳಿನ್ನೂ ಹೊಳೆಯುತ್ತಿದ್ದವು. ಅವಳು ಅವುಗಳನ್ನೇ ನೋಡುತ್ತ ನಿಂತಿದ್ದಳು.

“ಶ್ರಾವಣ ಬಂದು ಹದಿನೆಂಟು ದಿಸ ಆಯ್ತು ಕಣವ್ವ,” ಎಂದರು ಗುರುಮಲ್ಲಪ್ಪ, ಟವೆಲನ್ನು ಹೆಗಲಿನಿಂದ ತೆಗೆದು ಕೈಗೆ ಸುತ್ತಿಕೊಳ್ಳುತ್ತ. “ಕರ್ಕಂಡೋಗಾಕೆ ಒಬ್ರೂ ಬರ್ನಿಲ್ಲ. ನಾನೇ ಎಲ್ಡು ಸಲ ಓಗಿದ್ದೆ. ಜಗ್ಲಿ ಮ್ಯಾಲೆ ಕೂರ್ಸಿ ನೀರ್ ಕೊಟ್ಟು ಕಳಿಸ್ಬುಟ್ರು.”

“ಯಾಕಂತೆ?”

“ಆ ವಾಚು ನಿಂತೋಯ್ತಂತೆ.”

ನನ್ನ ಕೈಯಲ್ಲಿದ್ದ ಚಿಮ್ಮಟವನ್ನು ಮೆಲ್ಲಗೆ ಕೆಳಗಿಟ್ಟೆ. ಆ ವಾಚನ್ನು ಮಾಡಿದವಳು ನಾನು.

ಇದನ್ನು ಬರೆಯಲು ಕೂತದ್ದು ಈಗ ಈ ಹವ್ಯಾಸಕ್ಕೆ ಇಳಿಯುತ್ತಿರುವ ಹುಡುಗ ಹುಡುಗಿಯರಿಗಾಗಿ. ಇತ್ತೀಚೆಗೆ ಕೆಲವರು ಮನೆ ಹುಡುಕಿಕೊಂಡು ಬಂದರು. ಮೊಬೈಲಿನಲ್ಲಿ ನೋಡಿ ಡಯಲು, ಮುಳ್ಳು, ಚೈನು ಎಲ್ಲವನ್ನೂ ತರಿಸಿಕೊಳ್ಳುತ್ತಾರೆ; ನಕಲಿ ವಾಚನ್ನು ಬಿಚ್ಚಿ ತಮಗೆ ಬೇಕಾದಂತೆ ಜೋಡಿಸಿಕೊಳ್ಳುತ್ತಾರೆ. “ನೀವು ಆಗಲೇ ಮಾಡ್ತಿದ್ದಿರಂತಲ್ಲ ಆಂಟಿ, ಹೇಗೆ?” ಎಂದು ಕೇಳಿದರು. ಹೇಗೆ ಎನ್ನುವುದನ್ನು ಮಾತಿನಲ್ಲಿ ಹೇಳಿದೆ. ಹೇಳಲಾಗದ್ದು ಉಳಿಯಿತು. ಕೈ ನಡುಗಲು ಶುರುವಾಗಿ ಕೆಲಸ ನಿಲ್ಲಿಸಿದ ಮೇಲೂ ಅದು ಒಳಗೇ ಇದೆ.

ನಾನು ಓದಿದ್ದು ಮೈಸೂರಿನ ಒಂದು ಕಾನ್ವೆಂಟಿನಲ್ಲಿ. ನಾಲ್ಕು ಗೆರೆಯ ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರ ತಿದ್ದಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ದೊಡ್ಡ ‘ಎ’ ಅಕ್ಷರದ ಬಾಲ ಎಲ್ಲಿ ಸಣ್ಣಗಾಗಬೇಕು ಎಂದು ಒಂದು ವಾರ ಪೂರ್ತಿ ಬರೆಸಿದ್ದು ನೆನಪಿದೆ. ಮದುವೆಯಾಗಿ ಗುಂಡ್ಲುಪೇಟೆಗೆ ಬಂದ ಮೇಲೆ ಆ ಬರವಣಿಗೆ ಹಾಲಿನ ಲೆಕ್ಕಕ್ಕೂ ತವರಿನ ಕಾಗದಕ್ಕೂ ಬಿಟ್ಟರೆ ಬೇರೇನಕ್ಕೂ ಬೇಕಾಗಲಿಲ್ಲ. ಒಮ್ಮೆ ನನ್ನ ಮೈದುನ ದೊಡ್ಡ ಹೆಸರಿನ ವಿದೇಶಿ ವಾಚೊಂದನ್ನು ತಂದ. ನಕಲಿ, ಕೇರಳದ ಕಡೆಯಿಂದ ಬಂದದ್ದು. ಆರು ತಿಂಗಳಿಗೆ ಡಯಲಿನ ಚಿನ್ನದ ಅಕ್ಷರಗಳು ಉದುರಿ ಗಾಜಿನೊಳಗೆ ಪುಡಿಯಾಗಿ ಓಡಾಡತೊಡಗಿದವು. ಸೀರೆಗೆ ಹಚ್ಚುವ ಬಂಗಾರದ ಬಣ್ಣ ಮನೆಯಲ್ಲಿತ್ತು. ಬ್ರಷ್ಷಿನ ಮೂರು ಕೂದಲು ಉಳಿಸಿಕೊಂಡು ಬೇರೆಲ್ಲವನ್ನೂ ಕತ್ತರಿಸಿ, ಉಸಿರು ಹಿಡಿದು ಬರೆದೆ.

ಅದನ್ನು ಮತ್ತೆ ಮುಚ್ಚಿಸಲು ಪೇಟೆಯ ಕೋಯಾ ಅವರ ಅಂಗಡಿಗೆ ಕೊಟ್ಟೆವು. ಕೋಯಾ ಸುಲ್ತಾನ್ ಬತ್ತೇರಿ ಕಡೆಯವರು, ಗಡಿಯಾರ ರಿಪೇರಿಗೆಂದು ಬಂದು ಇಲ್ಲೇ ನೆಲೆ ನಿಂತವರು. ಡಯಲನ್ನು ಭೂತಗನ್ನಡಿಯಲ್ಲಿ ನೋಡಿ ಯಜಮಾನರನ್ನು ಕೇಳಿದರಂತೆ: “ಇದು ಯಾರು ಬರೆದದ್ದು? ಫ್ಯಾಕ್ಟರಿಯವರಿಗೆ ಇಷ್ಟು ತಾಳ್ಮೆ ಇಲ್ಲ.”

ಅಲ್ಲಿಂದ ಶುರು. ನನಗೆ ಮೇಲಧಿಕಾರಿ ಅಂತ ಇದ್ದವರು ಕೋಯಾ ಒಬ್ಬರೇ. ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸಿ ಕಲಿಸಿದರು. ಅವರ ಹೆಂಡತಿ ಬಾಗಿಲಲ್ಲಿ ಕೂತು ತೆಂಗಿನಗರಿ ಸೀಳುತ್ತಿರುತ್ತಿದ್ದರು. “ಚೇಚಿ, ಕೈ ಒಳ್ಳೇದುಂಟು. ಬಾಯಿ ಮಾತ್ರ ಮುಚ್ಚಬೇಕು. ಉಸಿರು ಬಿದ್ದರೆ ಮಷೀನಿಗೆ ತುಕ್ಕು,” ಎನ್ನುತ್ತಿದ್ದರು ಕೋಯಾ; ಚೇಚಿ ಎಂದರೆ ಅವರ ಮಲಯಾಳದಲ್ಲಿ ಅಕ್ಕ. ಅವರದೊಂದು ನಿಯಮ ಇತ್ತು: “ಯಾರಾದರೂ ಕೇಳಿದರೆ ಇದು ಡೂಪ್ಲಿಕೇಟು ಅಂತ ಹೇಳಬೇಕು. ಕೇಳದವರಿಗೂ ಹೇಳಬೇಕು.” ನಾನು ಅದರ ಮೊದಲ ಅರ್ಧವನ್ನು ಮಾತ್ರ ಪಾಲಿಸಿದೆ.

ಎಡವಟ್ಟುಗಳು ಒಂದೆರಡಲ್ಲ. ನಾದಿನಿಗೆ ಅವಳ ಸೀರೆಯ ಬಣ್ಣದ್ದೇ ಡಯಲು ಮಾಡಿಕೊಡುತ್ತೇನೆಂದು ನವಿಲು ಹಸಿರು ಹಚ್ಚಿ, ಪೂರ್ತಿ ಒಣಗುವ ಮೊದಲೇ ಗಾಜು ಕೂರಿಸಿಬಿಟ್ಟೆ. ಮೂರನೇ ದಿನಕ್ಕೆ ಒಳಗೆಲ್ಲ ಮಂಜು. ಟೈಮ್ ಕೇಳಿದವರಿಗೆ ಅವಳು, “ನಮ್ಮತ್ತಿಗೆ ಊಟಿ ತೋರ್ಸಿದ್ದಾರೆ, ಟೈಮ್ ತೋರ್ಸಿಲ್ಲ,” ಎನ್ನುತ್ತಿದ್ದಳು. ಇನ್ನೊಮ್ಮೆ ಸೀನಿದ್ದಕ್ಕೆ ಹಾರಿಹೋದ ಸ್ಕ್ರೂ, ನಾಲ್ಕು ದಿನ ಕಳೆದು ರಾಗಿ ಜರಡಿ ಹಿಡಿಯುವಾಗ ಸಿಕ್ಕಿತು.

ಮರೆಯಲಾಗದವನು ಮದ್ದೂರು ಕಡೆಯ ಒಬ್ಬ ಲಾರಿ ಡ್ರೈವರ್. ಕಾಡಿನ ದಾರಿಯಲ್ಲಿ ಕೇರಳಕ್ಕೆ ತರಕಾರಿ ಹೊಡೆಯುತ್ತಿದ್ದ. ಅವನ ತಾಯಿ ಆಗಷ್ಟೇ ತೀರಿಕೊಂಡಿದ್ದರು. ಕಂಪನಿಯ ಹೆಸರು ಅಳಿಸಿ ಅಲ್ಲಿ ತಾಯಿಯ ಫೋಟೋ ಹಾಕಿಕೊಡಿ ಎಂದ. ರೇಷನ್ ಕಾರ್ಡಿನ ಗುಂಪು ಫೋಟೋದಿಂದ ಹೆಸರುಕಾಳಿನಷ್ಟು ದೊಡ್ಡ ಮುಖವನ್ನು ಕತ್ತರಿಸಿ ಅಂಟಿಸಿದೆ. ಅಂಟಿಸುವಾಗ ಕಂಡಿತು, ಆಕೆಯ ಮೂಗುತಿ ಬಲಗಡೆಗಿತ್ತು. ತಿಂಗಳು ಬಿಟ್ಟು ಬಂದ. “ಅಕ್ಕಾ, ಆ ಸಣ್ಣ ಮುಳ್ಳು ನಿಮಿಷಕ್ಕೊಂದ್ ಸಲ ನಮ್ಮವ್ವನ ಮಕದ ಮ್ಯಾಲೇ ಓಯ್ತದೆ. ನೋಡಕಾಗಾಕಿಲ್ಲ, ತಗ್ದುಬುಡಿ.” ಸೆಕೆಂಡಿನ ಮುಳ್ಳು ತೆಗೆದೆ. ವಾರಕ್ಕೆ ಮತ್ತೆ ಬಂದ. “ಈಗ ನಿಂತೋದಂಗೆ ಕಾಣ್ತದೆ ಕಣಕ್ಕಾ. ಅದೂ ಬ್ಯಾಡ.” ಕೊನೆಗೆ ಫೋಟೋ ಬಿಡಿಸಿ ಕೊಟ್ಟೆ, ಲೈಸೆನ್ಸಿನ ಕವರಿನೊಳಗೆ ಇಟ್ಟುಕೊಂಡು ಹೋದ. ಕಟ್ಟಿಕೊಳ್ಳುವವರ ಕೈಯಲ್ಲಿ ವಾಚು ಏನಾಗುತ್ತದೆ ಎಂದು ನಮಗೆ ತಿಳಿಯದು ಎಂಬ ಪಾಠ ನನಗೆ ಅಂದೇ ಸಿಕ್ಕಿತ್ತು. ಕಲಿಯಲಿಲ್ಲ, ಅಷ್ಟೇ.

ಚಾಮರಾಜನಗರ ಇನ್ನೂ ಜಿಲ್ಲೆಯಾಗಿರದ ಕಾಲ ಅದು. ಗುರುಮಲ್ಲಪ್ಪನವರ ಮಗಳಿಗೆ ಬದನಗುಪ್ಪೆಯ ಸಂಬಂಧ ಕುದುರಿತು. ಹುಡುಗ ಚಾಮರಾಜನಗರದ ಒಂದು ಕಚೇರಿಯಲ್ಲಿ ಗುಮಾಸ್ತ. ವರೋಪಚಾರಕ್ಕೆ ಉಂಗುರ, ಸೂಟು, ವಾಚು. ವಾಚು ಫಾರಿನ್ನಿನದೇ ಆಗಬೇಕು ಎಂದು ಗಂಡಿನ ಕಡೆಯವರ ಆಸೆ. ಗುರುಮಲ್ಲಪ್ಪ ಗಲ್ಫಿನಿಂದ ಬಂದವರೊಬ್ಬರಿಂದ ಒಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು.

“ಡೂಪು ಅಂತ ನಂಗೂ ಗೊತ್ತು ಕಣವ್ವ. ಅಸ್ಲಿ ನಮ್ಮಂತೋರ್ ಕೈಗೆ ಎಲ್ಲಿ ಸಿಕ್ಕತು? ನೋಡ್ದೋರು ಡೂಪು ಅನ್ಬಾರ್ದು, ಅಷ್ಟ್ ಮಾಡ್ಕೊಡಿ.”

ಹನ್ನೊಂದು ದಿನ ಕೆಲಸ ಹಿಡಿಯಿತು. ನಕಲಿಯನ್ನು ಮೊದಲು ಹಿಡಿದುಕೊಡುವುದು ಸೆಕೆಂಡಿನ ಮುಳ್ಳು. ಸೆಲ್ಲು ಹಾಕಿದ ವಾಚಿನಲ್ಲಿ ಅದು ಹಾರಿ ಹಾರಿ ಹೋಗುತ್ತದೆ; ಬೆಲೆಬಾಳುವ ಅಸಲಿಯಲ್ಲಿ ಜಾರಿಕೊಂಡು ಹೋಗುತ್ತದೆ. ಹಾಗೆ ಜಾರಬೇಕೆಂದರೆ ಸೆಲ್ಲಿನ ಮಷೀನು ತೆಗೆದು ಕೀ ಕೊಡುವ ಮಷೀನು ಕೂರಿಸಬೇಕು. ಕೋಯಾ ತಮ್ಮ ಹಳೆಯ ಡಬ್ಬಿಯಿಂದ ನಮ್ಮ ದೇಶದ್ದೇ ಒಂದು ಕೀ ಮಷೀನನ್ನು ಹುಡುಕಿಕೊಟ್ಟರು. ಡಯಲಿನ ಹಿಂದಿನ ಎರಡು ಪುಟ್ಟ ಕಾಲು ಅದಕ್ಕೆ ಕೂರದ ಕಾರಣ ಅವನ್ನು ಕತ್ತರಿಸಿ, ಡಯಲನ್ನು ಅಂಟು ಹಾಕಿ ನಿಲ್ಲಿಸಿದೆ. ಮುಳ್ಳುಗಳಿಗೆ ಹೊಸ ಹೊಳಪು, ಚೈನಿಗೆ ಮರುಪಾಲಿಶು. ಪೆಟ್ರೋಲಿನಲ್ಲಿ ಡಯಲು ಒರೆಸುವಾಗ ಕೆಳಗಡೆಯ ಒಂದು ಸಾಲು ಅಳಿಸಿಹೋಯಿತು. ಆ ಜಾಗ ಬೋಳಾಗಿ ಕಂಡಿತು.

ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅಸಲಿಯ ಚಿತ್ರ ಇತ್ತು. ಅದರಲ್ಲಿ ಆ ಜಾಗದಲ್ಲಿದ್ದ ಪದ ‘ಆಟೋಮ್ಯಾಟಿಕ್’. ಕೈಗೆ ಕಟ್ಟಿಕೊಂಡು ಓಡಾಡಿದರೆ ಸಾಕು, ಕೀ ಕೊಡುವುದೇ ಬೇಡ, ತನ್ನಷ್ಟಕ್ಕೆ ತಾನೇ ಸುತ್ತಿಕೊಳ್ಳುವ ವಾಚು ಎಂದು ಅರ್ಥ. ನಮ್ಮ ವಾಚು ಹಾಗಿರಲಿಲ್ಲ. ದಿನಾ ಕೀ ಕೊಡದಿದ್ದರೆ ಒಂದೂವರೆ ದಿನಕ್ಕೆ ನಿಲ್ಲುವಂಥದ್ದು. ಆದರೂ ಬರೆದೆ. ದೊಡ್ಡ ‘ಎ’ ಅಷ್ಟು ಚೆನ್ನಾಗಿ ನನ್ನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ.

ಕೋಯಾ ಬಹಳ ಹೊತ್ತು ನೋಡಿದರು.

“ಬರಹ ಚೆನ್ನಾಗಿ ಉಂಟು ಚೇಚಿ. ಈ ಮಷೀನಿಗೆ ಈ ಮಾತು ಸುಳ್ಳು.”

“ಎಲ್ಲವೂ ಸುಳ್ಳೇ ಅಲ್ಲವಾ ಕೋಯಾ? ಮೇಲಿನ ಹೆಸರೂ ಸುಳ್ಳೇ.”

“ಆ ಸುಳ್ಳು ನೋಡುವವರಿಗೆ. ಇದು ಕಟ್ಟಿಕೊಳ್ಳುವವನಿಗೆ.”

ಅಳಿಸುತ್ತೇನೆ ಎಂದುಕೊಂಡೇ ಮನೆಗೆ ತಂದೆ. ಒಂದು ದಿನ ಬಿಟ್ಟು ನೋಡಿದೆ. ಇನ್ನೂ ಚೆನ್ನಾಗಿ ಕಂಡಿತು. ಅಳಿಸುವ ಬದಲು ಬೇರೆ ಉಪಾಯ ಹೊಳೆಯಿತು. ವಾಚು ಒಯ್ಯಲು ಅಪ್ಪನ ಜೊತೆ ರಾಜಮ್ಮಣ್ಣಿ ಬಂದಾಗ ಅವಳನ್ನು ಅಡುಗೆಮನೆಗೆ ಕರೆದು ಹೇಳಿಕೊಟ್ಟೆ. ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ವಾಚನ್ನು ಎತ್ತಿಕೋ. ಈ ಚಾವಿಯನ್ನು ಮುಂದಕ್ಕೆ ಮೆಲ್ಲಗೆ ಸುತ್ತು. ಬಿಗಿ ಬಂತು ಅನ್ನಿಸಿದ ಕೂಡಲೇ ನಿಲ್ಲಿಸು. ಅವಳು ತುಟಿಯಲ್ಲೇ ಎಣಿಸುತ್ತ ಸುತ್ತಿದಳು. ಇಪ್ಪತ್ತೆರಡಕ್ಕೆ ನಿಂತಿತು.

“ಇಷ್ಟೇಯಾ ಅಕ್ಕಾ? ದನಕ್ಕೆ ನೀರ್ ಕುಡ್ಸದ್ಕಿಂತ ಸಲೀಸು.”

“ಅವರಿಗೆ ಗೊತ್ತಾಗಬಾರದು.”

“ನಮ್ಮವ್ವನಾಣೆ ಯೋಳಾಕಿಲ್ಲ,” ಎಂದು ನಕ್ಕಳು.

ವೈಶಾಖದಲ್ಲಿ ಮದುವೆಯಾಯಿತು. ಮಂಟಪದಲ್ಲಿ ಗಂಡಿನ ಸೋದರಮಾವ ಮಗ್ಗುಲಲ್ಲಿದ್ದವರಿಗೆಲ್ಲ ಅಳಿಯನ ಕೈ ಎತ್ತಿ ತೋರಿಸಿದ್ದನ್ನು ನಾನೂ ಕಂಡೆ, ಒಳಗೊಳಗೇ ಬೀಗಿದೆ. ಎರಡು ತಿಂಗಳು ಆ ಹುಡುಗಿ ಒಂದು ದಿನವೂ ತಪ್ಪಿಸದೆ ಕೀ ಕೊಟ್ಟಳು. ಹಬ್ಬದ ದಿನ ಕೊಟ್ಟಳು, ಜ್ವರ ಬಂದ ದಿನ ಎದ್ದು ಕೊಟ್ಟಳು. ಮುಟ್ಟಾಗಿ ಹೊರಗೆ ಕೂತ ದಿನಗಳಲ್ಲೂ ಹೇಗೋ ಕೈ ಚಾಚಿ ಕೊಟ್ಟಳಂತೆ.

ಆಮೇಲೆ ಆಷಾಢ ಬಂತು.

ಹೊಸ ಮದುವೆಯ ಹುಡುಗಿ ಆಷಾಢದಲ್ಲಿ ಅತ್ತೆಯ ಹೊಸ್ತಿಲು ದಾಟಬಾರದು, ತಿಂಗಳು ಪೂರ್ತಿ ತವರಲ್ಲಿರಬೇಕು. ನಮ್ಮಲ್ಲಿ ಯಾವ ಹೆಣ್ಣಿಗೆ ಇದು ಗೊತ್ತಿಲ್ಲ? ನನ್ನ ಮದುವೆಯ ವರ್ಷ ನಾನೂ ಮೈಸೂರಿನಲ್ಲಿ ಒಂದು ತಿಂಗಳು ಇದ್ದು ಬಂದವಳೇ. ಕೀ ಕೊಡುವುದನ್ನು ಕಲಿಸುವಾಗ ನನಗೂ ಹೊಳೆಯಲಿಲ್ಲ, ಕಲಿಯುವಾಗ ಅವಳಿಗೂ ಹೊಳೆಯಲಿಲ್ಲ. ಅವಳು ತವರಿಗೆ ಹೋದ ಎರಡನೇ ದಿನ ಬದನಗುಪ್ಪೆಯಲ್ಲಿ ವಾಚು ನಿಂತಿತು.

ಇಷ್ಟು ಹಿಂದಿನ ಕಥೆ. ಆ ಬೆಳಿಗ್ಗೆ ನಮ್ಮ ಹಜಾರದಲ್ಲಿ ಗುರುಮಲ್ಲಪ್ಪ ಕೇಳಿಕೊಂಡದ್ದು ಇಷ್ಟೇ: “ನೀವು ಓದ್ದೋರು. ನಿಮ್ಮಾತಾರೆ ಕೇಳ್ತಾರೇನೋ.”

ಮೂವರೂ ಹತ್ತು ಗಂಟೆಯ ಬಸ್ಸು ಹತ್ತಿದೆವು. ಹರವೆಯಲ್ಲಿ ಅಪ್ಪ ಮಗಳು ಇಳಿದರು. ಇಳಿಯುವ ಮುನ್ನ ರಾಜಮ್ಮಣ್ಣಿ ಕಿಟಕಿಯ ಸರಳು ಹಿಡಿದು, “ಅಕ್ಕಾ, ಅವ್ರು ಮನೇಲಿದ್ರೆ, ಚೆನ್ನಾಗಿದಾರಾ ಅಂತ ನೋಡ್ಕಂಡ್ ಬನ್ನಿ,” ಎಂದಳು. ಚಾಮರಾಜನಗರದಲ್ಲಿ ಬಸ್ಸು ಬದಲಾಯಿಸಿ ಬದನಗುಪ್ಪೆ ಮುಟ್ಟಿದಾಗ ಹನ್ನೆರಡೂವರೆ.

ಹುಡುಗ ಕಚೇರಿಗೆ ಹೋಗಿದ್ದ. ಅವನ ತಾಯಿ ಅರಿಶಿನದ ಕೊಂಬು ಆರಿಸುತ್ತ ಕೂತಿದ್ದರು. ಹೆಬ್ಬೆರಳಿಂದ ಮಣಿಕಟ್ಟಿನವರೆಗೂ ಹಳದಿ. ನನ್ನನ್ನು ಜಗಲಿಯಲ್ಲಿ ಕೂರಿಸಲಿಲ್ಲ, ಒಳಗೆ ಕರೆದರು. ಕೈ ತೊಳೆದು ಬಂದು ಮಜ್ಜಿಗೆ ಕೊಟ್ಟರು. ಕೆಟ್ಟ ಹೆಂಗಸಲ್ಲ. ಅವರು ಕೆಟ್ಟವರಾಗಿದ್ದರೆ ನನಗೆ ಮಾತಾಡುವುದು ಸುಲಭವಾಗುತ್ತಿತ್ತು.

“ವಾಚು ಮಾಡಿದ್ದು ನಾನು,” ಎಂದೆ. “ಅದರ ಮೇಲೆ ಕೀ ಬೇಡ ಅಂತ ಬರೆದವಳೂ ನಾನೇ. ದಿನಾ ಕೀ ಕೊಡು ಅಂತ ಹುಡುಗಿಗೆ ಹೇಳಿಕೊಟ್ಟವಳೂ ನಾನೇ. ಅವಳದೇನೂ ತಪ್ಪಿಲ್ಲ.”

ಅವರು ಅರಿಶಿನದ ಮೊರವನ್ನು ಪಕ್ಕಕ್ಕೆ ಸರಿಸಿದರು. “ನಿಂತೋಯ್ತು ಅಂತ ನಮ್ ಉಡ್ಗ ಅಂಗ್ಡಿಗ್ ತಕ್ಕಂಡೋದ. ಆಪೀಸ್ನೋರು ಇಬ್ರು ಜೊತೇಲಿದ್ರಂತೆ. ಬಿಚ್ಚಿ ನೋಡಿ ಅಂಗಡಿಯೋನು ನಗಾಡ್ದನಂತೆ. ‘ಇದು ಕೀ ವಾಚು ಸ್ವಾಮಿ, ಇಷ್ಟ್ ದಿಸ ಯಾರ್ ಕೊಡ್ತಿದ್ರು?’ ಅಂದ್ನಂತೆ. ಮನೇಗ್ ಬಂದೋನು ಎಲ್ಡು ದಿಸ ಅನ್ನ ಮುಟ್ನಿಲ್ಲ.”

“ನಾನು ಅವರ ಕಾಲಿಗೆ ಬೇಕಾದರೂ ಬೀಳುತ್ತೇನೆ.”

“ವಾಚಿನ್ ಮಾತ ಬುಡಿ ತಾಯಿ. ಡೂಪು ಕೊಟ್ಟೋರು ನಿಮ್ಮ ಗುರುಮಲ್ಲಪ್ಪ ಒಬ್ರೇಯಾ? ಇವ್ನ ಎದೇಲಿ ಕುಂತಿರೋದು ಅದಲ್ಲ. ‘ದಿನಾ ಬೆಳಿಗ್ಗೆ ನಾನು ನೀರ್ಮನೇಲಿದ್ದಾಗ ನಂಗೆ ಕಾಣ್ದಂಗೆ ಕೀ ಕೊಡ್ತಿದ್ಲಲ್ಲ ಅವ್ವ, ಆಮ್ಯಾಕೆ ನಗ್ತಾ ಬಂದು ಅದ್ನೇ ಕೈಗೆ ಕಟ್ತಿದ್ಲು, ಇನ್ನೇನೇನ್ ಮಡಿಕ್ಕಂಡವ್ಳೋ’ ಅಂತಾನೆ.”

“ನಾನು ಹೇಳಿಕೊಟ್ಟೆ ಅಂತ ಮಾಡಿದಳು.”

“ನೀವು ಯೋಳ್ಕೊಟ್ರಿ. ಅವ್ಳು ಕಲ್ತ್ಕಂಡ್ಳು. ಒಂದ್ ದಿಸಾನಾದ್ರೂ ಮರ್ತಿದ್ರೆ ಚೆನ್ನಾಗಿರ್ತಿತ್ತು.”

ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಹೆಣ್ಣುಮಕ್ಕಳ ಬಾಚಣಿಗೆಯನ್ನು ನೋಡುತ್ತ ಕೂತೆ. ಹಲ್ಲುಗಳ ನಡುವೆ ಉದ್ದನೆಯ ಒಂದು ಕೂದಲು ಹಾಗೇ ಇತ್ತು. ಹೊರಡುವಾಗ ಅವರು ಕುಂಕುಮ ಕೊಟ್ಟು, “ಯೋಚ್ನೆ ಮಾಡ್ತೀವಿ, ನೀವು ಓಗ್ಬನ್ನಿ,” ಎಂದರು. ಮುಖ ನೋಡಿ ಹೇಳಲಿಲ್ಲ, ಅರಿಶಿನದ ಮೊರವನ್ನು ನೋಡಿ ಹೇಳಿದರು. ಸಣ್ಣಪುಟ್ಟದನ್ನೆಲ್ಲ ಗಮನಿಸುವವಳು ನಾನು, ಅದನ್ನೂ ಗಮನಿಸಿದೆ. ಆದರೂ ಅವರ ಮಾತನ್ನೇ ಹಿಡಿದುಕೊಂಡು ಬಸ್ಸು ಹತ್ತಿದೆ.

ಹರವೆಯಲ್ಲಿ ಇಳಿದಾಗ ರಾಜಮ್ಮಣ್ಣಿ ಬಸ್ ನಿಲ್ಲುವ ಮರದ ಕೆಳಗೇ ನಿಂತಿದ್ದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಎಷ್ಟು ಹೊತ್ತಿನಿಂದ ಎಂದು ಕೇಳುವ ಧೈರ್ಯ ಬರಲಿಲ್ಲ.

“ಏನಂದ್ರಕ್ಕಾ?”

“ಯೋಚನೆ ಮಾಡ್ತೀವಿ ಅಂದರು.”

“ಯೋಚ್ನೆ ಮಾಡ್ತಾರಂತಾ?” ಅವಳ ಕಣ್ಣು ಅಗಲವಾದವು. “ಅಂಗಾರೆ ಕರೀತಾರೆ ಬುಡಿ. ಇಲ್ಲಾಂದ್ರೆ ಆಗಾಕಿಲ್ಲ ಅಂತ ಯೋಳ್ಬುಡೋರು. ನಮ್ಮತ್ತೆ ಮಕದ್ ಮುಂದೆ ಯೋಳೋರು, ನಿಮ್ಗೊತ್ತಿಲ್ಲ.”

ಮನೆಗೆ ಕರೆದೊಯ್ದಳು. ಕಾಫಿ ಕಾಯಿಸುತ್ತಲೇ ಮಾತಾಡಿದಳು. ಗೌರಿ ಹಬ್ಬದೊಳಗೆ ಕರೆದರೆ ಯಾವ ಸೀರೆ ಉಡಬೇಕು. ಈ ಸಲ ಅವರಿಗೇ ನೇರವಾಗಿ, ‘ನಾನೇ ಕೊಡ್ತಿದ್ದೆ, ನಿಮ್ ಮರ್ವಾದಿ ಓಗ್ಬಾರ್ದು ಅಂತ ಕೊಡ್ತಿದ್ದೆ’ ಎಂದು ಹೇಗೆ ಹೇಳಬೇಕು. ಹೇಳಿದರೆ ಅವರು ನಗುತ್ತಾರೋ ಬೈಯುತ್ತಾರೋ. “ಬೈದ್ರೂ ಬೈಲಿ ಅಕ್ಕಾ. ಬೈದ್ಮ್ಯಾಕೆ ಸರೋಯ್ತದೆ.” ಗುರುಮಲ್ಲಪ್ಪ ಬಾಗಿಲಿನ ಹೊರಗೆ ಬೆನ್ನು ತಿರುಗಿಸಿ ಕೂತಿದ್ದರು.

ಆ ದಿನದಿಂದ ಡಯಲಿನ ಮೇಲೆ ಬರೆಯುವುದನ್ನು ಬಿಟ್ಟೆ. ಕೆಲಸ ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಮುಳ್ಳು ಬದಲಿಸಿದೆ, ಗಾಜು ಕೂರಿಸಿದೆ, ಬಣ್ಣ ಹಚ್ಚಿದೆ. ಅಚ್ಚಾದ ಡಯಲುಗಳು ಬಂದ ಮೇಲೆ ಬರೆಯುವವರೇ ಬೇಡವಾದರು. ಹೊಸಬರೇ, ನಿಮ್ಮ ಕೈಗೆ ಬರುವ ಪ್ರತಿ ವಾಚನ್ನೂ ಯಾರೋ ಒಬ್ಬರು ಕಟ್ಟಿಕೊಳ್ಳುತ್ತಾರೆ. ಅವರಿಗೆ ಅದರೊಳಗೆ ಏನಿದೆ ಎಂದು ಹೇಳಿಬಿಡಿ. ಅವರ ಹೆಂಡತಿಗೋ ಅಪ್ಪನಿಗೋ ಅಲ್ಲ, ಅವರಿಗೇ ಹೇಳಿ. ಇದಕ್ಕಿಂತ ಹೆಚ್ಚಿನದೇನನ್ನೂ ಕಲಿಸುವಷ್ಟು ದೊಡ್ಡವಳಲ್ಲ ನಾನು.

ಗುಂಡ್ಲುಪೇಟೆ ತಲುಪಿದಾಗ ಐದೂವರೆ. ಮೇಜಿನ ಮೇಲೆ ಬಿಳಿ ಗೌಸು ಬೆಳಿಗ್ಗೆ ಹಾಸಿದಂತೆಯೇ ಇತ್ತು. ಕಾಲು ತೊಳೆದು ಹಿತ್ತಲಿಗೆ ಬಂದೆ. ಪಕ್ಕದ ಮನೆಯ ಪುಟ್ಟತಾಯಮ್ಮ ನಮ್ಮ ಗಿಡದಿಂದ ಕರಿಬೇವು ಕೀಳುತ್ತಿದ್ದರು. ನಂಜನಗೂಡಿನ ತಂಗಿಯ ಮನೆಯಿಂದ ಮಧ್ಯಾಹ್ನವಷ್ಟೇ ಬಂದಿದ್ದರು.

“ಎತ್ಲಾಗೋಗಿದ್ರಿ? ನಾನ್ ಬಂದಾಗ ಬಾಗ್ಲಾಕಿತ್ತು.”

“ಬದನಗುಪ್ಪೆಗೆ.”

“ಓ, ಬದನಗುಪ್ಪೇನಾ?” ಎಂದರು, ಎಸಳುಗಳನ್ನು ಸೆರಗಿಗೆ ಹಾಕಿಕೊಳ್ಳುತ್ತ. “ನೆನ್ನೆ ನಮ್ ತಂಗಿ ಎದುರ್ ಮನೇಗೆ ಎಣ್ಣು ನೋಡಾಕೆ ಬಂದಿದ್ರು ನೋಡಿ, ಅದೇ ಊರೋರು. ಉಡ್ಗ ಚಾಮ್ರಾಜ್‌ನಗರದಲ್ಲಿ ಗುಮಾಸ್ತನಂತೆ, ಎಲ್ಡನೇ ಸಂಬಂದ. ಮೊದಲ್ನೇವ್ಳು ಆಸಾಡಕ್ಕೆ ಅಂತ ತೌರಿಗೋದೋಳು ಅಲ್ಲೇ ತೀರ್ಕಂಡ್ಬುಟ್ಳಂತೆ ಕಣಕ್ಕಾ, ಪಾಪ.”